ಗಚ್ಚಿಲ್ಲದೆ ನಿಂತ ಕರಿಕಲ್ಲು

ಕಾಗವಾಡ ತಾಲ್ಲೂಕಿನ ಜುಗೂಳದ ಎದುರಿಗೆ, ಕೃಷ್ಣೆಯ ಆಚೆ ದಡದಲ್ಲಿ ಖಿದ್ರಾಪುರವಿದೆ. ಊರು ಮಹಾರಾಷ್ಟ್ರದ ಶಿರೋಳ ತಾಲ್ಲೂಕಿಗೆ ಸೇರಿದರೂ ಅಲ್ಲಿನ ಕೋಪೇಶ್ವರ ಗುಡಿಯಲ್ಲಿ ಕನ್ನಡ ಶಾಸನಗಳಿವೆ. 12ನೇ ಶತಮಾನದ ಶಿಲಾಹಾರರ ಕಾಲದ ಈ ಗುಡಿಗೆ 1213ರಲ್ಲಿ ಯಾದವ ಸಿಂಘಣ ದತ್ತಿ ಬಿಟ್ಟ. ದಕ್ಷಯಜ್ಞಕ್ಕೆ ಸತಿಯ ಜೊತೆ ಹೊರಟ ನಂದಿ ಚಿಕ್ಕೋಡಿ ತಾಲ್ಲೂಕಿನ ಯಡೂರಿನಲ್ಲೇ ಉಳಿಯಿತಂತೆ. ಅದಕ್ಕೇ ಇಲ್ಲಿ ಶಿವನ ಎದುರು ನಂದಿಯಿಲ್ಲ. ಎರಡು ರಾಜ್ಯಗಳ ಗುಡಿಗಳನ್ನು ಹೀಗೆ ಒಂದೇ ಕತೆ ಬೆಸೆದಿದೆ.

ಗುಡಿಯ ಮುಂದಿನ ಸ್ವರ್ಗಮಂಟಪಕ್ಕೆ ನಡುವೆ ಚಾವಣಿಯಿಲ್ಲ. 12 ಕಂಬಗಳು ಸುತ್ತುಗಟ್ಟಿ ನಿಂತಿವೆ, ಮೇಲೆ ಸುಮಾರು 13 ಅಡಿ ಅಗಲದ ದುಂಡನೆಯ ಆಕಾಶ. ಹೋಮದ ಹೊಗೆ ಹೋಗಲೆಂದು ಬಿಟ್ಟದ್ದು ಎನ್ನುತ್ತಾರೆ. ನಡುವಿನ ಕಲ್ಲೇ ಇಲ್ಲದಿರುವಾಗ ಸುತ್ತಲಿನವು ಒಳಕ್ಕೆ ಏಕೆ ಬೀಳುವುದಿಲ್ಲ?

ಉತ್ತರ ಕಲ್ಲಿನ ಗುಣದಲ್ಲೇ ಇದೆ. ಈ ಸೀಮೆಯ ಕರಿಕಲ್ಲು ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದ ಲಾವಾ ಆರಿ ಗಟ್ಟಿಯಾದದ್ದು; ಒಂದು ಘನ ಮೀಟರ್ ಕಲ್ಲು ಹೆಚ್ಚುಕಡಿಮೆ ಮೂರು ಟನ್ ತೂಗುತ್ತದೆ. ಒತ್ತಿದರೆ ಸಾಮಾನ್ಯ ಕಾಂಕ್ರೀಟಿಗಿಂತ ಹಲವು ಪಟ್ಟು ತಡೆಯುತ್ತದೆ, ಎಳೆದರೆ ಆ ಬಲದ ಹತ್ತನೇ ಒಂದು ಪಾಲಿಗೇ ಸೋಲುತ್ತದೆ. ಉದ್ದನೆಯ ತೊಲೆಗೆ ಭಾರ ಬಿದ್ದಾಗ ಅದರ ಅಡಿಭಾಗ ಎಳೆತಕ್ಕೆ ಸಿಕ್ಕು ಸೀಳುತ್ತದೆ. ಹಾಗಾಗಿ ಶಿಲ್ಪಿಗಳು ಕಂಬಗಳನ್ನು ಹತ್ತಿರ ಹತ್ತಿರ ನಿಲ್ಲಿಸಿದರು. ಮೇಲೆ ಒಂದೊಂದು ವರಸೆಯನ್ನೂ ತುಸು ಒಳಕ್ಕೆ ಚಾಚಿ ಬಳೆಯಂತೆ ಸುತ್ತಿಸಿದರು. ಬಳೆಯ ಕಲ್ಲುಗಳು ಒಳಕ್ಕೆ ಜಾರಲು ಹೊರಟರೆ ಅಕ್ಕಪಕ್ಕದವು ಒಂದನ್ನೊಂದು ಒತ್ತಿ ಹಿಡಿಯುತ್ತವೆ. ರೋಮಿನ ಪ್ಯಾಂಥಿಯಾನ್ ಗುಮ್ಮಟದ ನೆತ್ತಿಯ ಕಂಡಿಯೂ ಇದೇ ಬಗೆಯ ಒತ್ತಡದ ಬಳೆಯಿಂದ ನಿಂತಿದೆ.

ಇಂಥ ಗುಡಿಗಳಲ್ಲಿ ಕಲ್ಲಿಗೂ ಕಲ್ಲಿಗೂ ನಡುವೆ ಗಚ್ಚು ಇಲ್ಲ. ಸಮತಟ್ಟಾಗಿ ಕೆತ್ತಿದ ಮುಖಗಳು ಭಾರದಿಂದಲೇ ಕೂಡಿವೆ. ನೆಲ ನಡುಗಿದಾಗ ಕಲ್ಲುಗಳು ಕೂದಲೆಳೆಯಷ್ಟು ಜರುಗುತ್ತವೆ, ಕಂಪನದ ಶಕ್ತಿಯ ಒಂದು ಪಾಲು ಆ ತಿಕ್ಕಾಟದಲ್ಲೇ ಶಾಖವಾಗಿ ಕಳೆಯುತ್ತದೆ. 1967ರ ಡಿಸೆಂಬರ್ 11ರ ನಸುಕಿನಲ್ಲಿ ಕೊಯ್ನಾ ಭೂಕಂಪ ಈ ಗಡಿ ಸೀಮೆಯನ್ನೂ ಅಲುಗಿಸಿತ್ತು. ಹಾಗೆಂದು ಕಲ್ಲಿನ ಮನೆಗಳೆಲ್ಲ ಸುರಕ್ಷಿತವಲ್ಲ. 1993ರ ಕಿಲ್ಲಾರಿ ಭೂಕಂಪದಲ್ಲಿ ಸಾವಿರಾರು ಜನರನ್ನು ಬಲಿ ಪಡೆದದ್ದು ಮಣ್ಣಿನಲ್ಲಿ ಒಟ್ಟಿದ ಗುಂಡುಕಲ್ಲಿನ ಗೋಡೆಗಳು. ಅವುಗಳಿಗೆ ಒಂದಕ್ಕೊಂದು ಬೆಸುಗೆಯೇ ಇರಲಿಲ್ಲ.

ಜಪಾನಿನ ಹಳೆಯ ರಾಜಧಾನಿ ನಾರಾದ ಬಳಿಯ ಹೋರ್ಯೂಜಿ ಬೌದ್ಧ ಮಂದಿರ ಇದೇ ಪಾಠವನ್ನು ಮರದಲ್ಲಿ ಹೇಳುತ್ತದೆ. ಸುಮಾರು 32 ಮೀಟರ್ ಎತ್ತರದ ಅದರ ಐದಂತಸ್ತಿನ ಗೋಪುರದ ನಡುಗಂಬವನ್ನು 594ರ ಸುಮಾರಿಗೆ ಕಡಿದದ್ದೆಂದು ಮರದ ಬೆಳವಣಿಗೆಯ ಉಂಗುರಗಳು ತಿಳಿಸಿವೆ. ಅಲ್ಲಿಯೂ ತೊಲೆಗಳ ಕೀಲುಗಳು ಭೂಕಂಪದಲ್ಲಿ ತುಸು ಅಲುಗಾಡಿ ಮತ್ತೆ ಕೂರುತ್ತವೆ.

ಕೋಪೇಶ್ವರದಂಥ ಗುಡಿಗೆ ಭೂಕಂಪಕ್ಕಿಂತ ಹೆಚ್ಚಿನ ಆತಂಕ ನೀರಿನದು. 2005, 2019ರ ಮಹಾಪೂರಗಳು ಕೃಷ್ಣಾ ತೀರದ ಊರುಗಳನ್ನು ಮುಳುಗಿಸಿದವು. ಈ ತೀರದ ಎರೆಮಣ್ಣು ನೀರು ಕುಡಿದು ಉಬ್ಬುತ್ತದೆ, ಬಿಸಿಲಿಗೆ ಕುಗ್ಗಿ ಬಿರಿಯುತ್ತದೆ. ವರ್ಷ ವರ್ಷ ನಡೆಯುವ ಈ ಎಳೆದಾಟ ಪಾಯವನ್ನು ಮೇಲೆ ಕೆಳಗೆ ಮಾಡುತ್ತದೆ.

ಜೀರ್ಣೋದ್ಧಾರದ ಹೆಸರಿನಲ್ಲಿ ನಾವು ಮಾಡುವ ಹಾನಿಯೂ ಕಡಿಮೆಯಲ್ಲ. ಸಂದಿಗೆ ಸಿಮೆಂಟ್ ತುಂಬಿದರೆ ಕಲ್ಲುಗಳ ಜರುಗಾಟ ನಿಲ್ಲುತ್ತದೆ, ಆಗ ಒತ್ತಡ ಒಂದೇ ಕಡೆ ಕೂಡಿ ಕಲ್ಲೇ ಬಿರಿಯುತ್ತದೆ. ಸಿಮೆಂಟಿನ ಲವಣ ತೇವದೊಡನೆ ಕಲ್ಲಿನ ರಂಧ್ರಗಳಿಗೆ ಇಳಿದು, ಒಣಗುವಾಗ ಹರಳುಗಟ್ಟಿ, ಮೇಲ್ಮೈಯನ್ನು ಪದರುಪದರಾಗಿ ಕೀಳುತ್ತದೆ. ಎಣ್ಣೆ ಬಣ್ಣ ಬಳಿದರೆ ಒಳಗಿನ ತೇವಕ್ಕೆ ಹೊರಬರುವ ದಾರಿ ಮುಚ್ಚುತ್ತದೆ. ಕಬ್ಬಿಣದ ಪಟ್ಟಿ ತುಕ್ಕು ಹಿಡಿದು ಉಬ್ಬಿ ಕಲ್ಲನ್ನು ಸೀಳುತ್ತದೆ.

ಕೋಪೇಶ್ವರಕ್ಕೆ ಪುರಾತತ್ವ ಇಲಾಖೆಯ ರಕ್ಷಣೆಯಿದೆ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ಎಷ್ಟೋ ಹಳೆಯ ಗುಡಿ-ಬಸದಿಗಳಿಗೆ ಊರಿನ ಕಮಿಟಿಯೇ ದಿಕ್ಕು. ಆ ಕಮಿಟಿಗಳಲ್ಲಿರುವವರಲ್ಲಿ ನನ್ನ ಮನವಿ ಇಷ್ಟೇ: ಸಿಮೆಂಟಿನ ಚೀಲ ತರಿಸುವ ಮೊದಲು ಪುರಾತತ್ವ ಇಲಾಖೆಯನ್ನು ಕೇಳಿ. ಸಂದಿ ಮುಚ್ಚಲೇಬೇಕೆಂದರೆ ಸುಣ್ಣದ ಗಚ್ಚು ಬಲ್ಲ ಗೌಂಡಿಯನ್ನು ಹುಡುಕಿ. ಗುಡಿಯ ಸುತ್ತಲಿನ ಮಳೆನೀರು ಪಾಯದಿಂದ ದೂರ ಹರಿದುಹೋಗುವಂತೆ ಕಾಲುವೆಯನ್ನು ಈ ಮಳೆಗಾಲಕ್ಕೆ ಮೊದಲೇ ತೋಡಿಸಿ.