ಕಮಿಟ್ ಆಗದ ಲೆಕ್ಕ ಕ್ಯಾಶೆಗೆ ಸೇರಿದರೆ

ಬಸ್ ಸೀಟು ಬುಕ್ ಮಾಡುವ ಒಂದು ವೆಬ್‌ಸೈಟ್ ಇದೆ ಅನ್ನಿ. ಉಳಿದಿರುವುದು ಎರಡೇ ಸೀಟು, ಒಬ್ಬರು ಎರಡನ್ನೂ ಕೇಳಿದ್ದಾರೆ. ಡೇಟಾಬೇಸಿನಲ್ಲಿ ಖಾಲಿ ಸೀಟಿನ ಲೆಕ್ಕ 2ರಿಂದ 0ಗೆ ಇಳಿಯುತ್ತದೆ. ಆಮೇಲೆ ಪ್ರಯಾಣಿಕರ ಹೆಸರು, ಟಿಕೆಟ್ ನಂಬರ್ ದಾಖಲಾಗಬೇಕು. ಎಲ್ಲ ಮುಗಿದು ‘ಕಮಿಟ್’ ಆಗುವ ತನಕ ಆ 0 ಅಂಗಡಿಯ ಕಚ್ಚಾ ಚೀಟಿ ಇದ್ದಂತೆ, ಇನ್ನೂ ಖಾತೆಪುಸ್ತಕಕ್ಕೆ ಏರಿಲ್ಲ. ಬರೆದ ಸೆಷನ್‌ಗೆ, ಅಂದರೆ ಆ ಬುಕಿಂಗ್ ನಡೆಸುತ್ತಿರುವ ಸಂಪರ್ಕಕ್ಕೆ, ಮಾತ್ರ ಅದು ಕಾಣಬೇಕು, ಮಿಕ್ಕವರಿಗೆ 2 ಎಂದೇ ಕಾಣಬೇಕು. ಈ ಕಾವಲನ್ನು ಡೇಟಾಬೇಸುಗಳು ಚೆನ್ನಾಗಿಯೇ ಕಾಯುತ್ತವೆ. ಕಮಿಟ್ ಆಗದ್ದನ್ನೂ ಓದಲು ಬಿಡುವ ಮಟ್ಟವೊಂದು ಡೇಟಾಬೇಸ್ ಭಾಷೆಯಾದ ಎಸ್‌ಕ್ಯೂಎಲ್‌ನ 1992ರ ಮಾನಕದಲ್ಲಿದೆ; ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್ ಅಂತೂ ಅದನ್ನು ಕೇಳಿದರೂ ಕೊಡುವುದಿಲ್ಲ.

ಎಡವಟ್ಟಾಗುವುದು ಡೇಟಾಬೇಸಿನ ಮುಂದೆ ಕೂರಿಸಿದ ಕ್ಯಾಶೆಯಲ್ಲಿ. ಪದೇ ಪದೇ ಕೇಳುವ ಉತ್ತರಗಳನ್ನು ಕೈಗೆಟಕುವಂತೆ ಮೆಮೊರಿಯಲ್ಲಿ ಇಟ್ಟುಕೊಳ್ಳುವುದು ಅದರ ಕೆಲಸ. 2003ರಲ್ಲಿ ಲೈವ್‌ಜರ್ನಲ್ ಎಂಬ ಬ್ಲಾಗ್ ತಾಣಕ್ಕಾಗಿ ಹುಟ್ಟಿದ ಮೆಮ್‌ಕ್ಯಾಶ್‌ಡಿ ಎಂಬ ಕ್ಯಾಶೆಗೆ ಒಂದು ಹೆಸರು, ಅದಕ್ಕೊಂದು ಬೆಲೆ, ಇಷ್ಟೇ ಗೊತ್ತು. ಯಾವ ಸೆಷನ್, ಕಮಿಟ್ ಆಯಿತೇ ಇಲ್ಲವೇ ಎಂಬುದು ಗೊತ್ತಿಲ್ಲ. ಬುಕಿಂಗ್ ನಡುವೆ ಪ್ರೋಗ್ರಾಂ ಸೀಟಿನ ಲೆಕ್ಕವನ್ನು ಮತ್ತೊಮ್ಮೆ ಓದಿ, ಅಭ್ಯಾಸದಂತೆ 0 ಅನ್ನು ಕ್ಯಾಶೆಗೆ ಹಾಕಿತು. ಮರುಕ್ಷಣ ಟಿಕೆಟ್ ದಾಖಲಾಗದೆ ಎಲ್ಲವೂ ರದ್ದಾಯಿತು. ಡೇಟಾಬೇಸಿನಲ್ಲಿ 2, ಕ್ಯಾಶೆಯಲ್ಲಿ 0.

ಕೊನೆಗೆ ಬುಕಿಂಗ್ ಡೇಟಾಬೇಸನ್ನೇ ಕೇಳುತ್ತದಲ್ಲ, ಕ್ಯಾಶೆ ತಪ್ಪಿದರೇನು ಎನ್ನುವವರಿದ್ದಾರೆ. ಇಲ್ಲದ ಸೀಟನ್ನು ಇದೆ ಎಂದು ತೋರಿಸಿದರೆ ಈ ವಾದ ಸರಿಯೇ, ಡೇಟಾಬೇಸ್ ತಡೆಯುತ್ತದೆ. ಇರುವ ಸೀಟನ್ನು ಇಲ್ಲ ಎಂದರೆ ಜನ ಅಲ್ಲಿಂದಲೇ ವಾಪಸ್ಸು. ಡೇಟಾಬೇಸಿನ ತನಕ ಯಾರೂ ಬರುವುದೇ ಇಲ್ಲ, ತಪ್ಪನ್ನು ಹಿಡಿಯುವವರೂ ಇಲ್ಲ. ಕ್ಯಾಶೆಯ ಆಯಸ್ಸು ಕಡಿಮೆ ಮಾಡಿ ಎಂಬುದು ಇನ್ನೊಂದು ಸಲಹೆ. ತಪ್ಪು ಅಷ್ಟು ಬೇಗ ಅಳಿಯುತ್ತದೆ ನಿಜ, ಹುಟ್ಟುವುದು ಮಾತ್ರ ನಿಲ್ಲುವುದಿಲ್ಲ. ತೀರಾ ಕಡಿಮೆ ಮಾಡಿದರೆ ಕ್ಯಾಶೆ ಇಟ್ಟು ಪ್ರಯೋಜನವೂ ಇಲ್ಲ.

ಹಾಗಾಗಿ ಬದಲಾವಣೆ ಮಾಡುತ್ತಿರುವ ಸೆಷನ್ ಹಂಚಿಕೆಯ ಕ್ಯಾಶೆಯನ್ನು ಮುಟ್ಟಬಾರದು, ತನ್ನ ಲೆಕ್ಕ ತನ್ನಲ್ಲೇ ಇಟ್ಟುಕೊಳ್ಳಬೇಕು. ಜಾವಾದ ಹೈಬರ್ನೇಟ್‌ನಲ್ಲಿ ಪ್ರತಿ ಸೆಷನ್‌ಗೂ ಸ್ವಂತ ಕ್ಯಾಶೆ ಇದೆ, ಎಲ್ಲರಿಗೂ ಸೇರಿದ್ದು ಬೇರೆಯೇ. ಪೈಥಾನ್‌ನ ಜಾಂಗೋಗೆ 2015ರಲ್ಲಿ, ಕಮಿಟ್ ಆದ ಮೇಲೆ ಮಾತ್ರ ನಡೆಯಬೇಕಾದ ಕೆಲಸ ಇಂಥದ್ದು ಎಂದು ಹೇಳಿಡುವ ಸೌಲಭ್ಯ ಬಂತು. ಕಮಿಟ್ ಆದಾಗ ಕ್ಯಾಶೆಗೆ ಹೊಸದನ್ನು ಬರೆಯುವುದಕ್ಕಿಂತ ಹಳೆಯದನ್ನು ಅಳಿಸುವುದೇ ಮೇಲು: ಎರಡು ಸಲ ಅಳಿಸಿದರೂ ನಷ್ಟವಿಲ್ಲ.

ಇಷ್ಟಾದರೂ ಒಂದು ಸಂದು ಉಳಿಯುತ್ತದೆ. ಕಮಿಟ್‌ಗೆ ಮೊದಲೇ ಹಳೆಯ ಲೆಕ್ಕ ಓದಿದ ಇನ್ನೊಂದು ಸೆಷನ್, ಅಳಿಸಿದ ಮೇಲೆ ತಡವಾಗಿ ಅದನ್ನೇ ತಂದು ಹಾಕಬಹುದು. ಫೇಸ್‌ಬುಕ್ ಎಂಜಿನಿಯರುಗಳು 2013ರ ಪ್ರಬಂಧದಲ್ಲಿ ಇದಕ್ಕೊಂದು ಉಪಾಯ ವಿವರಿಸಿದರು. ಕ್ಯಾಶೆಯಲ್ಲಿ ಉತ್ತರ ಸಿಗದವರಿಗೆ ಒಂದು ಟೋಕನ್ ಕೊಡುವುದು. ಅಷ್ಟರಲ್ಲಿ ಅಳಿಸುವ ಆದೇಶ ಬಂದರೆ ಟೋಕನ್ ಸತ್ತಂತೆ, ಅವರು ತಂದದ್ದನ್ನು ಕ್ಯಾಶೆ ಒಪ್ಪುವುದಿಲ್ಲ. ಕಮಿಟ್ ಆಗಿ, ಅಳಿಸುವ ಮುನ್ನ ಸರ್ವರ್ ಕೈಕೊಟ್ಟರೂ ಕೆಲಸ ಕೆಡದಂತೆ, ಡೇಟಾಬೇಸ್ ಕಮಿಟ್ ಮಾಡಿದ್ದನ್ನೇ ಓದಿ ಅಳಿಸುವ ಆದೇಶ ಕಳಿಸುವ ಪ್ರತ್ಯೇಕ ಪ್ರೋಗ್ರಾಂ ಅವರಲ್ಲಿತ್ತು. ರದ್ದಾದ ಬುಕಿಂಗ್ ಅದರ ಕಣ್ಣಿಗೇ ಬೀಳುವುದಿಲ್ಲ.