ಹೋಂಸ್ಟೇ ರಿಜಿಸ್ಟರಿನಿಂದ ಒಂದು ಪಾಠ: ಯುರೋಪಿನ ಮಾಹಿತಿ ಸಂರಕ್ಷಣಾ ನಿಯಮ ಯಾರಿಗೆ ಅನ್ವಯ?

ಅಭ್ಯಾಸ ಬೋಧನೆಗೆ ನನಗೆ ಸಿಕ್ಕಿದ್ದು ಆಲೂರು ತಾಲ್ಲೂಕಿನ ಒಂದು ಪ್ರೌಢಶಾಲೆ. ಒಂಬತ್ತನೇ ತರಗತಿಗೆ ಮೂಲಭೂತ ಹಕ್ಕುಗಳ ಪಾಠದಲ್ಲಿ ಖಾಸಗಿತನವನ್ನು ವಿವರಿಸಬೇಕಿತ್ತು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ ಅವರು ಹೂಡಿದ್ದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2017ರ ಆಗಸ್ಟ್ 24ರಂದು ಇದನ್ನು ಮೂಲಭೂತ ಹಕ್ಕೆಂದು ಎತ್ತಿಹಿಡಿಯಿತು. ಇಷ್ಟನ್ನೇ ಹೇಳಿದರೆ ಮಕ್ಕಳು ಬರೆದುಕೊಳ್ಳುತ್ತಾರೆ, ಅಷ್ಟೆ. ಆದ್ದರಿಂದ ಅವರ ಪೂರ್ವಜ್ಞಾನದಿಂದಲೇ ಆರಂಭಿಸಿದೆ.

“ಹೋಂಸ್ಟೇಗೆ ಬಂದವರಿಂದ ಏನೇನು ಬರೆಸಿಕೊಳ್ಳುತ್ತಾರೆ?” ಎಂದು ಕೇಳಿದೆ. ಹೆಸರು, ಮೊಬೈಲ್ ನಂಬರ್, ಕಾರಿನ ನಂಬರ್, ಆಧಾರ್ ಜೆರಾಕ್ಸ್ ಎಂದು ಉತ್ತರಗಳು ಬಂದವು. “ನಮ್ಮಪ್ಪ ಆಧಾರ್ ಫೋಟೋ ಮೊಬೈಲಲ್ಲೇ ಇಟ್ಕೊಂಡಿರ್ತಾರೆ ಮೇಡಂ” ಎಂದಳು ಒಬ್ಬಳು. ಇವೆಲ್ಲ ವೈಯಕ್ತಿಕ ಮಾಹಿತಿ ಎಂದು ಕಪ್ಪುಹಲಗೆಯ ಮೇಲೆ ಬರೆದೆ. ಯುರೋಪ್ ಒಕ್ಕೂಟದಲ್ಲಿ 2018ರ ಮೇ 25ರಿಂದ ಜಾರಿಯಲ್ಲಿರುವ ಜಿಡಿಪಿಆರ್ ನಿಯಮವನ್ನು ಹೇಳುತ್ತಾ, “ಯುರೋಪಿನ ಪ್ರಜೆ ಎಲ್ಲಿಗೆ ಹೋದರೂ ಈ ನಿಯಮ ಜೊತೆಗೇ ಹೋಗುತ್ತದೆ” ಎಂದುಬಿಟ್ಟೆ.

ಪಾಠ ವೀಕ್ಷಿಸುತ್ತಿದ್ದ ನಮ್ಮ ಉಪನ್ಯಾಸಕರು ಆಮೇಲೆ ಒಂದೇ ಪ್ರಶ್ನೆ ಕೇಳಿದರು: “ಪಾಸ್‌ಪೋರ್ಟಿನ ಮಾತು ಆ ನಿಯಮದಲ್ಲಿ ಎಲ್ಲಿದೆ?” ಹುಡುಕಿದೆ, ಇರಲಿಲ್ಲ. ಮೂರನೇ ವಿಧಿ ನೋಡುವುದು ಪೌರತ್ವವನ್ನಲ್ಲ. ಒಕ್ಕೂಟದ ಹೊರಗಿರುವ ಸಂಸ್ಥೆಯಾದರೆ, ಅದು ಒಕ್ಕೂಟದೊಳಗೆ ಇರುವ ಜನರಿಗೆ ಸರಕು, ಸೇವೆ ಒದಗಿಸಲು ಮುಂದಾಗಿದೆಯೇ ಅಥವಾ ಅಲ್ಲಿನ ಅವರ ನಡವಳಿಕೆಯ ಮೇಲೆ ಕಣ್ಣಿಟ್ಟಿದೆಯೇ ಎಂಬುದನ್ನು. ಜಾಲತಾಣ ಅಲ್ಲಿ ತೆರೆದುಕೊಳ್ಳುತ್ತದೆ ಎಂಬುದೊಂದೇ ಸಾಲದು.

ಮರುದಿನ ಮಕ್ಕಳೆದುರು ನನ್ನ ತಪ್ಪನ್ನು ಹೇಳಿ, ಮೂರು ಸನ್ನಿವೇಶ ಕೊಟ್ಟು ಗುಂಪು ಚರ್ಚೆ ಮಾಡಿಸಿದೆ.

ಒಂದು: ಸಕಲೇಶಪುರದ ಹೋಂಸ್ಟೇ ಜರ್ಮನ್ ಭಾಷೆಯಲ್ಲಿ ವಿವರ, ಯುರೋದಲ್ಲಿ ದರ ಹಾಕಿದೆ. ಬರ್ಲಿನ್‌ನಲ್ಲಿ ಕುಳಿತವರು ಕೋಣೆ ಕಾಯ್ದಿರಿಸುತ್ತಾರೆ. ನಿಯಮ ಅನ್ವಯಿಸುತ್ತದೆ.

ಎರಡು: ಜರ್ಮನಿಯ ಪ್ರವಾಸಿ ಬಿಸಿಲೆ ಘಾಟಿಗೆ ಹೋಗುವಾಗ ಬೋರ್ಡ್ ನೋಡಿ ಬಂದು ಉಳಿಯುತ್ತಾರೆ. ಅನ್ವಯಿಸುವುದಿಲ್ಲ.

ಮೂರು: ಬೆಟ್ಟದ ಓಟವೊಂದರ ಆಯೋಜಕರು ಯುರೋಪಿನ ಓಟಗಾರರನ್ನು ಗುರಿಯಾಗಿಸಿ ನೋಂದಣಿ ತೆರೆದಿದ್ದಾರೆ. ಮ್ಯೂನಿಕ್‌ನಲ್ಲಿರುವ ಹಾಸನದ ಇಂಜಿನಿಯರ್ ಹೆಸರು ಕೊಡುತ್ತಾರೆ. ಅವರದು ಭಾರತದ ಪಾಸ್‌ಪೋರ್ಟ್, ಆದರೂ ಅನ್ವಯಿಸುತ್ತದೆ.

ಅನ್ವಯಿಸಿದರೆ ಆಯೋಜಕರು ಮಾಡಬೇಕಾದ್ದೇನು? ಯಾವ ಉದ್ದೇಶಕ್ಕೆ ಕೇಳುತ್ತಿದ್ದೇವೆ, ಎಷ್ಟು ಕಾಲ ಇಟ್ಟುಕೊಳ್ಳುತ್ತೇವೆ ಎಂದು ತಿಳಿಸಬೇಕು. ಬೇಕಾದಷ್ಟನ್ನೇ ಕೇಳಬೇಕು. ಆರೋಗ್ಯದ ವಿವರಗಳಿಗೆ ಹೆಚ್ಚಿನ ರಕ್ಷಣೆ ಕೊಡಬೇಕು. ಮಾಹಿತಿ ಸೋರಿ ಜನರಿಗೆ ಅಪಾಯವಾಗುವಂತಿದ್ದರೆ 72 ಗಂಟೆಯೊಳಗೆ ಮೇಲ್ವಿಚಾರಣಾ ಪ್ರಾಧಿಕಾರಕ್ಕೆ ತಿಳಿಸಬೇಕು. ಗಂಭೀರ ಉಲ್ಲಂಘನೆಗೆ 2 ಕೋಟಿ ಯುರೋ ಅಥವಾ ಜಾಗತಿಕ ವಾರ್ಷಿಕ ವಹಿವಾಟಿನ ಶೇ. 4, ಯಾವುದು ಹೆಚ್ಚೋ ಅಲ್ಲಿಯವರೆಗೆ ದಂಡವಿದೆ. ಎಲ್ಲಕ್ಕೂ ಒಪ್ಪಿಗೆ ಪತ್ರ ಬೇಕೆಂಬುದೂ ಸರಿಯಲ್ಲ. ಕೋಣೆ ಕಾಯ್ದಿರಿಸಲು ಹೆಸರು ಬೇಕೇ ಬೇಕು. ಅದು ಒಪ್ಪಂದದ ಭಾಗ. ಅದೇ ವಿವರವನ್ನು ಇನ್ನೊಬ್ಬ ವ್ಯಾಪಾರಿಯ ಜಾಹೀರಾತಿಗೆ ಕೊಡುವುದು ಬೇರೆ ಮಾತು.

“ಹಾಗಾದ್ರೆ ನಮಗೆ ಕಾನೂನು ಇಲ್ವಾ ಮೇಡಂ?” ಎಂದು ಹುಡುಗನೊಬ್ಬ ಕೇಳಿದ. ಇದೆ. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 2023ರಲ್ಲಿ ಬಂತು. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿ, ಹಂತ ಹಂತವಾಗಿ ಜಾರಿಗೆ ಬರುತ್ತಿವೆ. ಒಪ್ಪಿಗೆ ಕೋರುವ ಸೂಚನೆಯನ್ನು ಕನ್ನಡದಲ್ಲಿ ಓದುವ ಅವಕಾಶವನ್ನು ಈ ಕಾಯ್ದೆ ಕೊಡುತ್ತದೆ. ಜಿಡಿಪಿಆರ್‌ನಲ್ಲಿ ಆನ್‌ಲೈನ್ ಸೇವೆಗೆ ಮಕ್ಕಳೇ ಒಪ್ಪಿಗೆ ಕೊಡುವ ವಯಸ್ಸು 16. ಸದಸ್ಯ ದೇಶಗಳು ಅದನ್ನು 13ರವರೆಗೆ ಇಳಿಸಬಹುದು. ನಮ್ಮಲ್ಲಿ 18 ತುಂಬದವರೆಲ್ಲ ಮಕ್ಕಳೇ, ಪೋಷಕರ ಒಪ್ಪಿಗೆ ಬೇಕು.

ಆಗ ಹಿಂದಿನ ಬೆಂಚಿನ ಹುಡುಗಿ ಎದ್ದು, “ಹೊರಗಡೆ ಗೋಡೆ ಮೇಲೆ ನಮ್ಮಮ್ಮನ ನಂಬರ್ ಇದೆಯಲ್ಲ ಮೇಡಂ” ಎಂದಳು. ವಿಜ್ಞಾನ ವಸ್ತುಪ್ರದರ್ಶನಕ್ಕೆಂದು ನಾವು ಪ್ರಶಿಕ್ಷಣಾರ್ಥಿಗಳೇ ಅಂಟಿಸಿದ್ದ ಪಟ್ಟಿ ಅದು: ಹೆಸರು, ಊರು, ಜಾತಿ ವರ್ಗ, ಪೋಷಕರ ಮೊಬೈಲ್. ಅದರ ಫೋಟೋ ನಮ್ಮ ವಾಟ್ಸಾಪ್ ಗುಂಪಿನಲ್ಲೂ ಇತ್ತು. ಪ್ರದರ್ಶನಕ್ಕೆ ಬೇಕಿದ್ದದ್ದು ಹೆಸರು ಮತ್ತು ತರಗತಿ ಮಾತ್ರ. ಅಂದೇ ಪಟ್ಟಿ ತೆಗೆದೆವು, ಫೋಟೋ ಅಳಿಸಿದೆವು, ಎರಡೇ ಕಾಲಮಿನ ಹೊಸ ಪಟ್ಟಿ ಹಾಕಿದೆವು.

ಈ ಪಾಠ ಮಾಡುವ ಪ್ರಶಿಕ್ಷಣಾರ್ಥಿಗಳಿಗೆ ಒಂದು ಸಲಹೆ: ಮೌಲ್ಯಮಾಪನದ ಚಟುವಟಿಕೆಯಾಗಿ ಶಾಲೆಯದೇ ಒಂದು ಅರ್ಜಿ ನಮೂನೆಯನ್ನು ಖಾಲಿಯಾಗಿ ಕೊಡಿ. ಪ್ರತಿ ಕಾಲಮಿನ ಎದುರು ‘ಏಕೆ ಬೇಕು?’ ಎಂದು ಮಕ್ಕಳೇ ಬರೆಯಲಿ. ಉತ್ತರ ಸಿಗದ ಕಾಲಮುಗಳ ಬಗ್ಗೆ ಮುಖ್ಯೋಪಾಧ್ಯಾಯರೊಂದಿಗೆ ಮಾತನಾಡಿ.