ಮಾಗಿಯ ತಟ್ಟೆಗೆ ಬೇಸಿಗೆಯ ಹಾಲು

ಫ್ರಾನ್ಸಿನ ಮನೆಗಳಲ್ಲಿ ಡಿಸೆಂಬರ್ 24ರ ರಾತ್ರಿ ನೆಂಟರಿಷ್ಟರು ಊಟಕ್ಕೆ ಸೇರಿದಾಗ ಚೀಸ್ ತಟ್ಟೆಗೆ ಗೊತ್ತಾದ ಒಂದು ಸರದಿಯಿದೆ. ಮುಖ್ಯ ಅಡುಗೆ ಮುಗಿದ ಮೇಲೆ, ಸಿಹಿ ಬರುವುದಕ್ಕೆ ಮುಂಚೆ ಅದು ಮೇಜಿಗೆ ಬರುತ್ತದೆ. ಇಂಗ್ಲೆಂಡಿನಲ್ಲಿ ಸಿಹಿಯೂ ಮುಗಿದ ಮೇಲೆ, ಪೋರ್ಟ್ ವೈನ್ ಜೊತೆಗೆ ಬರುವುದುಂಟು. ಸರದಿ ಯಾವುದೇ ಇರಲಿ, ಚಳಿಗಾಲದ ತಟ್ಟೆಯನ್ನು ಜೋಡಿಸುವವರಿಗೆ ಮೊದಲು ಬೇಕಾಗುವುದು ಹಾಲಿನ ಪಂಚಾಂಗದ ತಿಳಿವಳಿಕೆ. ಯಾವ ರಾಸು ಯಾವ ತಿಂಗಳು ಕರೆಯುತ್ತದೆ, ಆಗ ಏನನ್ನು ಮೇಯುತ್ತದೆ, ಆ ಹಾಲಿನ ಚೀಸ್ ಮಾಗಲು ಎಷ್ಟು ಕಾಲ ಬೇಕು ಎಂಬ ಮೂರು ಲೆಕ್ಕಗಳು ಕೂಡಿದರೆ ಡಿಸೆಂಬರಿನಲ್ಲಿ ಯಾವ ಚೀಸ್ ತನ್ನ ರುಚಿಯ ತುದಿಯಲ್ಲಿರುತ್ತದೆ ಎಂಬುದು ತಾನಾಗಿ ಗೊತ್ತಾಗುತ್ತದೆ. ಹೂವು, ಹಣ್ಣು, ಕುಸುರಿಗಳ ಅಲಂಕಾರ ಆಮೇಲಿನ ಮಾತು.

ಈ ಪಂಚಾಂಗದಲ್ಲಿ ಅಪ್ಪಟ ಚಳಿಗಾಲದ್ದು ಎನ್ನಬಹುದಾದ ಚೀಸ್ ಮೋಂ ದೋರ್. ಫ್ರಾನ್ಸ್ ಮತ್ತು ಸ್ವಿಟ್ಜರ್ಲೆಂಡಿನ ಗಡಿಯುದ್ದಕ್ಕೂ ಹಬ್ಬಿರುವ ಜೂರಾ ಬೆಟ್ಟಸಾಲಿನಲ್ಲಿ, ಎರಡೂ ಬದಿಯಲ್ಲಿ ಇದು ತಯಾರಾಗುತ್ತದೆ. ಅದೇ ಸೀಮೆಯ ದೊಡ್ಡ ಚೀಸ್ ಆದ ಕೊಂತೆಯಿಂದ ಇದರ ಕಥೆಯನ್ನು ಶುರುಮಾಡಬೇಕು. ಸುಮಾರು 40 ಕಿಲೋ ತೂಗುವ ಕೊಂತೆಯ ಒಂದು ಚಕ್ರಕ್ಕೆ ಸುಮಾರು 400 ಲೀಟರ್ ಹಾಲು ಬೇಕು. ಒಂದು ಮನೆಯ ಹಸುಗಳಿಂದ ಅಷ್ಟು ಹಾಲು ಹುಟ್ಟುವುದಿಲ್ಲ. ಹಾಗಾಗಿ ಊರಿನ ರೈತರೆಲ್ಲ ಹಾಲನ್ನು ಒಂದೆಡೆ ಕೂಡಿಹಾಕಿ ಚೀಸ್ ಮಾಡುವ ಸಹಕಾರ ಪದ್ಧತಿ ಅಲ್ಲಿ ನೂರಾರು ವರ್ಷಗಳಿಂದ ನಡೆದುಬಂದಿದೆ. ಚಳಿ ಹತ್ತಿರವಾಗುತ್ತಿದ್ದಂತೆ ಹಸುಗಳು ಕೊಟ್ಟಿಗೆ ಸೇರುತ್ತವೆ, ಹುಲ್ಲು ಮುಗಿಯುತ್ತದೆ, ಹಾಲು ಇಳಿಯುತ್ತದೆ. ಹಿಂದಿನ ಕಾಲದಲ್ಲಿ ಹಿಮ ಬಿದ್ದು ದಾರಿಯೂ ಮುಚ್ಚಿಹೋಗುತ್ತಿತ್ತು. ಮನೆಯಲ್ಲೇ ಉಳಿದ ಅಷ್ಟಿಷ್ಟು ಹಾಲಿನಿಂದ ಮಾಡಿಕೊಂಡ ಸಣ್ಣ, ಮೆತ್ತನೆಯ ಚೀಸೇ ಮೋಂ ದೋರ್.

ಫ್ರಾನ್ಸಿನ ನಿಯಮದ ಪ್ರಕಾರ ಇದನ್ನು ಆಗಸ್ಟ್ 15ರಿಂದ ಮಾರ್ಚ್ 15ರವರೆಗೆ ಮಾತ್ರ ತಯಾರಿಸಬಹುದು. ಸೆಪ್ಟೆಂಬರ್ 10ರಿಂದ ಮೇ 10ರವರೆಗೆ ಮಾತ್ರ ಮಾರಬಹುದು. ಕಾವು ಕೊಡದ ಹಸಿ ಹಾಲನ್ನೇ ಅಲ್ಲಿ ಬಳಸುತ್ತಾರೆ. ಚೀಸ್ ಎಷ್ಟು ಮೆತ್ತಗಿರುತ್ತದೆಂದರೆ ತನ್ನಷ್ಟಕ್ಕೆ ನಿಲ್ಲಲಾರದು. ಅದಕ್ಕೇ ಸ್ಪ್ರೂಸ್ ಮರದ ತೊಗಟೆಯ ಒಳಪದರದಿಂದ ಸೀಳಿದ ಪಟ್ಟಿಯನ್ನು ಅದರ ಸುತ್ತ ಬಿಗಿದು, ಅದೇ ಮರದ ಡಬ್ಬಿಯೊಳಗೆ ಒತ್ತಿ ಕೂರಿಸುತ್ತಾರೆ. ಮೇಲಿನ ಸಿಪ್ಪೆ ನೆರಿಗೆ ನೆರಿಗೆಯಾಗುವುದು ಹೀಗೆ ಒತ್ತಿದ್ದರಿಂದ. ತೊಗಟೆಯ ರಾಳದ ವಾಸನೆ ಚೀಸಿಗೂ ಹತ್ತುತ್ತದೆ. ಕತ್ತರಿಸಲು ಹೋದರೆ ಹರಿದುಹೋಗುವ ಈ ಚೀಸನ್ನು ಸಿಪ್ಪೆ ಸರಿಸಿ ಚಮಚದಲ್ಲಿ ತೆಗೆದುಕೊಳ್ಳುತ್ತಾರೆ. ಚಳಿ ಜೋರಾಗಿದ್ದರೆ ಡಬ್ಬಿಯ ಸಮೇತ ಒಲೆಯಲ್ಲಿಟ್ಟು, ನಡುವೆ ಗುಳಿ ಮಾಡಿ ಬಿಳಿ ವೈನ್ ಸುರಿದು, ಬೆಳ್ಳುಳ್ಳಿ ಸಿಕ್ಕಿಸಿ ಬೇಯಿಸುವುದೂ ಉಂಟು. ಚಳಿಗಾಲದ ತಟ್ಟೆಗೆ ಒಂದೇ ಒಂದು ಚೀಸ್ ಕೊಳ್ಳುವ ಅವಕಾಶವಿದ್ದರೆ ಇದನ್ನೇ ಕೊಳ್ಳಬೇಕು. ಡಬ್ಬಿಯನ್ನು ನಡುವೆ ಇಟ್ಟು, ಸುತ್ತ ಬೇಯಿಸಿದ ಆಲೂಗಡ್ಡೆ ಮತ್ತು ಬ್ರೆಡ್ ಇಟ್ಟರೆ ನಾಲ್ಕೈದು ಜನರ ಕೂಟ ಕಳೆಗಟ್ಟುತ್ತದೆ.

ತಟ್ಟೆಯ ಎರಡನೆಯ ಆಧಾರ ಗಟ್ಟಿ ಚೀಸ್. ಇದರಲ್ಲಿರುವುದು ಚಳಿಗಾಲದ ಹಾಲಲ್ಲ, ಕಳೆದುಹೋದ ಬೇಸಿಗೆಯದು. ಆಲ್ಪ್ಸ್ ಬೆಟ್ಟಗಳ ಬೋಫೋರ್ ಚೀಸಿನಲ್ಲಿ ಜೂನ್‌ನಿಂದ ಅಕ್ಟೋಬರ್‌ವರೆಗಿನ ಹಾಲಿನದಕ್ಕೆ ‘ಬೇಸಿಗೆಯ ಬೋಫೋರ್’ ಎಂಬ ಬೇರೆಯೇ ಗುರುತಿದೆ. ಆ ಕಾಲದಲ್ಲಿ ಹಸುಗಳು ಎತ್ತರದ ಹುಲ್ಲುಗಾವಲುಗಳಲ್ಲಿ ಹೂಬಿಟ್ಟ ಗಿಡಗಳನ್ನು ಮೇಯುತ್ತವೆ. ಹಸಿ ಹುಲ್ಲಿನ ಕ್ಯಾರೊಟಿನ್ ಹಸುವಿನ ಹಾಲಿನ ಕೊಬ್ಬಿಗೆ ಇಳಿಯುವುದರಿಂದ ಬೇಸಿಗೆಯ ಚೀಸ್ ಹಳದಿ, ಒಣಹುಲ್ಲು ತಿಂದ ಕಾಲದ್ದು ದಂತದ ಬಣ್ಣ. ಕುರಿ, ಮೇಕೆ, ಎಮ್ಮೆಗಳು ಕ್ಯಾರೊಟಿನ್ನನ್ನು ಎ ಜೀವಸತ್ವವಾಗಿ ಮಾರ್ಪಡಿಸಿಕೊಳ್ಳುವುದರಿಂದ ಅವುಗಳ ಹಾಲಿನ ಚೀಸ್ ಬೆಳ್ಳಗಿರುತ್ತದೆ. ಹಸುವಿನ ತುಪ್ಪದ ಪಕ್ಕ ಎಮ್ಮೆಯ ತುಪ್ಪವಿಟ್ಟು ನೋಡಿದವರಿಗೆ ಈ ವ್ಯತ್ಯಾಸ ಹೊಸದಲ್ಲ. ಬೋಫೋರ್ ಕನಿಷ್ಠ ಐದು ತಿಂಗಳು ಮಾಗಬೇಕು. ಜೂನ್ ಹಾಲಿನದು ಡಿಸೆಂಬರಿಗೆ ಆರು ತಿಂಗಳಿನದಾಗಿರುತ್ತದೆ, ಹಿಂದಿನ ವರ್ಷದ ಬೇಸಿಗೆಯದಾದರೆ ಒಂದೂವರೆ ವರ್ಷದ್ದು. ಬೆಲೆ ಹೆಚ್ಚಾದರೂ ಎರಡನೆಯದೇ ವಾಸಿ. ವರ್ಷ ದಾಟಿದ ಬೋಫೋರ್, ಕೊಂತೆಗಳಲ್ಲಿ ಹಲ್ಲಿಗೆ ಸಣ್ಣ ಹರಳುಗಳು ಸಿಗುತ್ತವೆ. ಉಪ್ಪಿನ ಹರಳೆಂದು ಹಲವರು ತಿಳಿಯುತ್ತಾರೆ. ಪ್ರೊಟೀನು ಒಡೆದು ಹೊರಬಂದ ಟೈರೋಸಿನ್ ಅದು. ಚೀಸ್ ನಿಧಾನವಾಗಿ ಮಾಗಿದೆ ಎಂಬುದಕ್ಕೆ ಒಳ್ಳೆಯ ಸೂಚನೆ.

ನೀಲಿ ಚೀಸಿಗೂ ಇದೇ ಲೆಕ್ಕ. ಇಂಗ್ಲೆಂಡಿನ ಸ್ಟಿಲ್ಟನ್ ಅನ್ನು ಡರ್ಬಿಷೈರ್, ಲೆಸ್ಟರ್‌ಷೈರ್, ನಾಟಿಂಗ್‌ಹ್ಯಾಮ್‌ಷೈರ್ ಎಂಬ ಮೂರು ಕೌಂಟಿಗಳಲ್ಲಿ ಮಾತ್ರ ಮಾಡಬಹುದು. ಅದು ಮಾಗಲು ಕನಿಷ್ಠ ಒಂಬತ್ತು ವಾರ ಬೇಕಾದ್ದರಿಂದ ಕ್ರಿಸ್‌ಮಸ್ ಮೇಜಿನದು ಹೆಚ್ಚಾಗಿ ಸೆಪ್ಟೆಂಬರಿನ ಹಾಲಿನದು. ಆ ಹೊತ್ತಿಗೆ ಹಸುಗಳಿನ್ನೂ ಬಯಲಲ್ಲೇ ಮೇಯುತ್ತಿರುತ್ತವೆ. ಫ್ರಾನ್ಸಿನ ರೋಕ್‌ಫೋರ್ ಕುರಿಹಾಲಿನದು. ಲಕೋನ್ ತಳಿಯ ಕುರಿಗಳು ಚಳಿಗಾಲದಿಂದ ಬೇಸಿಗೆಯ ನಡುವಿನವರೆಗೆ ಕರೆಯುತ್ತವೆ. ಚೀಸ್ ಕನಿಷ್ಠ 90 ದಿನ ಮಾಗಬೇಕು, ಅದರಲ್ಲೊಂದು ಪಾಲು ಕೊಂಬಾಲು ಬೆಟ್ಟದ ಗುಹೆಗಳಲ್ಲಿ. ಬಂಡೆಯ ಬಿರುಕುಗಳಿಂದ ಒಳಬರುವ ತಣ್ಣನೆಯ, ತೇವದ ಗಾಳಿ ಅಲ್ಲಿ ನೀಲಿ ಬೂಷ್ಟನ್ನು ಬೆಳೆಸುತ್ತದೆ. ಈ ಹೆಸರಿಗೆ 1925ರಲ್ಲೇ ಕಾನೂನಿನ ರಕ್ಷಣೆ ಸಿಕ್ಕಿತು. ಫ್ರಾನ್ಸಿನ ಚೀಸುಗಳಲ್ಲಿ ಇದೇ ಮೊದಲು. ಡಿಸೆಂಬರಿನ ರೋಕ್‌ಫೋರ್ ತಿನ್ನುವವರು ಆ ವರ್ಷದ ವಸಂತದ ಹಾಲನ್ನು ತಿನ್ನುತ್ತಿರುತ್ತಾರೆ.

ಮೇಕೆಯ ಹಸಿ ಚೀಸ್ ಮಾತ್ರ ಈ ಕಾಲದ್ದಲ್ಲ. ಹಗಲು ಮೊಟಕಾಗುತ್ತಿದ್ದಂತೆ ಮೇಕೆಗಳು ಬೆದೆಗೆ ಬರುತ್ತವೆ, ಚಳಿಗಾಲದಲ್ಲಿ ಗಬ್ಬವಾಗಿದ್ದು ಹಾಲು ಬತ್ತುತ್ತದೆ, ಸುಮಾರು ಐದು ತಿಂಗಳಿಗೆ ಈಯುತ್ತವೆ. ಕೃತಕ ಬೆಳಕಿನಿಂದ ಈ ಸುತ್ತನ್ನು ಬದಲಿಸಿ ವರ್ಷವಿಡೀ ಹಾಲು ಪಡೆಯುವ ಫಾರಂಗಳು ಈಗ ಇವೆಯಾದರೂ ಎಳೆಯ ಮೇಕೆ ಚೀಸಿನ ಸೊಗಸು ವಸಂತಕ್ಕೇ ಸಲ್ಲುವಂಥದ್ದು. ಚಳಿಗಾಲಕ್ಕೆ ಬೇಕೇಬೇಕೆಂದರೆ ಚೆನ್ನಾಗಿ ಒಣಗಿ ಗಟ್ಟಿಯಾದ ಕ್ರೊತ್ತಾಂ ದ ಶವಿನ್ಯೋಲ್ ಹೊಂದುತ್ತದೆ.

ಹೀಗೆ ನೋಡಿದರೆ ಒಂದು ಮೆತ್ತನೆಯದು, ಒಂದು ಗಟ್ಟಿ, ಒಂದು ನೀಲಿ, ಇಷ್ಟೇ ಸಾಕು. ಜನ ಹೆಚ್ಚಿದ್ದರೆ ಬ್ರೀ ದ ಮೋ ಅಥವಾ ಒಣಗಿದ ಮೇಕೆ ಚೀಸ್ ಸೇರಿಸಬಹುದು. ಐದಕ್ಕಿಂತ ಹೆಚ್ಚಾದರೆ ನಾಲಿಗೆಗೆ ಯಾವುದೂ ನೆನಪಿರುವುದಿಲ್ಲ. ಹತ್ತು ಬಗೆಯ ಚೂರುಗಳಿಗಿಂತ ಮೂರು ಬಗೆಯ ದೊಡ್ಡ ತುಂಡುಗಳು ನೋಡಲೂ ಚೆಂದ, ಒಣಗುವುದೂ ಕಡಿಮೆ. ತುಂಬು ಊಟದ ನಂತರವಾದರೆ ಒಬ್ಬರಿಗೆ 80 ಗ್ರಾಂ, ಚೀಸೇ ಊಟವಾದರೆ 200 ಗ್ರಾಂ ಎಂದು ಲೆಕ್ಕ ಹಿಡಿಯಬಹುದು.

ತಣ್ಣಗಿರುವ ಚೀಸ್ ಮೂಕ. ಫ್ರಿಜ್‌ನ ಚಳಿಯಲ್ಲಿ ಕೊಬ್ಬು ಗಟ್ಟಿಯಾಗಿ, ವಾಸನೆಯ ಅಂಶಗಳು ಅದರೊಳಗೆ ಸಿಕ್ಕಿಕೊಂಡಿರುತ್ತವೆ. ಯೂರೋಪಿನ ಚಳಿಗಾಲದ ಮನೆಯಲ್ಲಿ ಬಡಿಸುವ ಒಂದು ಗಂಟೆ ಮೊದಲು ಹೊರಗಿಡುತ್ತಾರೆ. ಬೆಂಗಳೂರಿನ ಡಿಸೆಂಬರಿಗೆ ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆ ಸಾಕು, ಮಂಗಳೂರಿಗೆ ಅದಕ್ಕಿಂತ ಕಡಿಮೆ. ಮರದ ಹಲಗೆ ಅಥವಾ ಕಲ್ಲಿನ ತಟ್ಟೆಯ ಮೇಲೆ, ಒಂದಕ್ಕೊಂದು ತಾಕದಂತೆ, ಸೌಮ್ಯವಾದುದರಿಂದ ಖಾರವಾದುದರ ಕಡೆಗೆ ಸುತ್ತಿಬರುವಂತೆ ಇಡುವುದು ವಾಡಿಕೆ. ತಿನ್ನುವುದೂ ಅದೇ ಕ್ರಮದಲ್ಲಿ. ರೋಕ್‌ಫೋರ್ ಮೊದಲು ತಿಂದವರಿಗೆ ಬ್ರೀ ಸಪ್ಪೆ ಎನಿಸುತ್ತದೆ. ನೀಲಿ ಚೀಸಿಗೆ ಬೇರೆ ಚಾಕು ಇರಲೇಬೇಕು. ಕತ್ತರಿಸುವಾಗ ಪ್ರತಿಯೊಬ್ಬರಿಗೂ ನಡುವಿನ ಮೆತ್ತನೆಯ ಭಾಗ ಮತ್ತು ಸಿಪ್ಪೆ ಎರಡೂ ಬರಬೇಕು. ಬ್ರೀಯ ಚೂಪು ತುದಿಯನ್ನು ಮಾತ್ರ ಕತ್ತರಿಸಿಕೊಳ್ಳುವುದು ಫ್ರಾನ್ಸಿನಲ್ಲಿ ಒರಟುತನ, ಏಕೆಂದರೆ ಚೆನ್ನಾಗಿ ಮಾಗಿದ ಭಾಗವೆಲ್ಲ ಒಬ್ಬರ ಪಾಲಾಗುತ್ತದೆ.

ಜೊತೆಗೆ ಬೇಕಾದದ್ದು ಹೆಚ್ಚಿಲ್ಲ. ಉಪ್ಪು ಕಡಿಮೆಯಿರುವ ಬ್ರೆಡ್, ಅಕ್ರೋಟು, ಪೇರ್ ಹಣ್ಣು. ಉಪ್ಪಿನ ರೋಕ್‌ಫೋರಿಗೆ ಜೇನು ಅಥವಾ ಒಣ ಅಂಜೂರ ಚೆನ್ನಾಗಿ ಹೊಂದುತ್ತದೆ. ವೈನ್ ಎಂದರೆ ಕೆಂಪೇ ಎಂಬ ನಂಬಿಕೆ ಬಲವಾಗಿದ್ದರೂ ಹೆಚ್ಚಿನ ಚೀಸುಗಳಿಗೆ ಬಿಳಿಯದೇ ಒಗ್ಗುತ್ತದೆ: ಕೊಂತೆಗೆ ಜೂರಾದ್ದೇ ಆದ ಹಳದಿ ವೈನ್, ರೋಕ್‌ಫೋರಿಗೆ ಸಿಹಿಯಾದ ಸೋತೆರ್ನ್. ವೈನ್ ಕುಡಿಯದವರಿಗೆ ಸೇಬಿನ ರಸ ಅಥವಾ ಹಾಲಿಲ್ಲದ ಚಹಾ ಒಳ್ಳೆಯ ಜೋಡಿ.

ಅತಿಥಿಗಳ ಬಗ್ಗೆ ಎರಡು ವಿಷಯ ಮೊದಲೇ ತಿಳಿದಿರಬೇಕು. ಹಾಲನ್ನು ಹೆಪ್ಪುಗಟ್ಟಿಸುವ ರೆನೆಟ್ ಮೂಲದಲ್ಲಿ ಎಳೆಗರುವಿನ ಹೊಟ್ಟೆಯಿಂದ ತೆಗೆದದ್ದು. ಕೊಂತೆ, ಬೋಫೋರ್, ರೋಕ್‌ಫೋರ್‌ಗಳಲ್ಲಿ ಪ್ರಾಣಿಮೂಲದ ರೆನೆಟ್ ಇರುವುದರಿಂದ ಕಟ್ಟಾ ಸಸ್ಯಾಹಾರಿಗಳಿಗೆ ಅವು ಸಲ್ಲವು. ಪೋರ್ಚುಗಲ್ಲಿನ ಸೆರ್ರಾ ದ ಇಸ್ತ್ರೆಲಾ ಇಲ್ಲಿ ಕೈಹಿಡಿಯುತ್ತದೆ. ಕುರಿಹಾಲನ್ನು ಕಾರ್ಡೂನ್ ಎಂಬ ಮುಳ್ಳುಗಿಡದ ಹೂವಿನಿಂದ ಹೆಪ್ಪುಗಟ್ಟಿಸಿ ಮಾಡುವ ಇದೂ ಚಳಿಗಾಲದ್ದೇ, ಇದನ್ನೂ ಚಮಚದಲ್ಲಿ ತೆಗೆದು ತಿನ್ನುತ್ತಾರೆ. ಭಾರತದಲ್ಲಿ ತಯಾರಾಗುವ ಚೀಸುಗಳಲ್ಲಿ ಬಹುಪಾಲಿಗೆ ಸೂಕ್ಷ್ಮಜೀವಿಗಳಿಂದ ಪಡೆದ ರೆನೆಟ್ ಬಳಸುತ್ತಾರೆ. ಪೊಟ್ಟಣದ ಮೇಲಿನ ಹಸಿರು ಚುಕ್ಕೆ ನೋಡಿಕೊಂಡರೆ ಸಾಕು. ಬೆಂಗಳೂರಿನಲ್ಲೇ ಬೆನೆಡಿಕ್ಟೈನ್ ಸಂನ್ಯಾಸಿಗಳು ವಲ್ಲೊಂಬ್ರೋಸಾ ಹೆಸರಿನಲ್ಲಿ ಇಟಲಿ ಬಗೆಯ ಚೀಸುಗಳನ್ನು ಮಾಡುತ್ತಾರೆ.

ಎರಡನೆಯದು ಆರೋಗ್ಯದ ಮಾತು. ಗರ್ಭಿಣಿಯರು, ತೀರ ವಯಸ್ಸಾದವರು ಹಸಿ ಹಾಲಿನ ಮೆತ್ತನೆಯ ಚೀಸ್ ತಿನ್ನಬಾರದು. ಲಿಸ್ಟೀರಿಯಾ ಎಂಬ ಬ್ಯಾಕ್ಟೀರಿಯಾ ಫ್ರಿಜ್‌ನಲ್ಲೂ ಬೆಳೆಯಬಲ್ಲದು. 1983ರಿಂದ 1987ರವರೆಗೆ ಸ್ವಿಟ್ಜರ್ಲೆಂಡಿನ ವೋ ಪ್ರಾಂತ್ಯದಲ್ಲಿ ಇದೇ ಮೋಂ ದೋರ್ ಬಗೆಯ ಚೀಸಿನಿಂದ ಲಿಸ್ಟೀರಿಯಾ ಹರಡಿ ಹಲವರು ಸತ್ತರು. ಈಗ ಸ್ವಿಸ್ ಬದಿಯಲ್ಲಿ ಹಾಲಿಗೆ ಕಾವು ಕೊಟ್ಟೇ ಚೀಸ್ ಮಾಡುತ್ತಾರೆ. ಹಾಲಿನ ಸಕ್ಕರೆ ಅರಗದವರು ಮಾತ್ರ ಹೆಚ್ಚು ಹೆದರಬೇಕಿಲ್ಲ. ಲ್ಯಾಕ್ಟೋಸಿನ ಬಹುಪಾಲು ಹಾಲೊಡಕಿನ ಜೊತೆ ಹೋಗುತ್ತದೆ, ಉಳಿದದ್ದು ಮಾಗುವಾಗ ಹುಳಿಯಾಗುತ್ತದೆ. ಹಳೆಯ ಕೊಂತೆಯಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ.

ಕೂಟ ಮುಗಿದ ಮೇಲೆ ಉಳಿದದ್ದನ್ನು ಪ್ಲಾಸ್ಟಿಕ್ಕಿನಲ್ಲಿ ಬಿಗಿದರೆ ಚೀಸ್ ಬೆವರುತ್ತದೆ. ಬೆಣ್ಣೆ ಕಾಗದದಲ್ಲಿ ಸುತ್ತಿ, ಫ್ರಿಜ್‌ನ ತರಕಾರಿ ಅರೆಯಲ್ಲಿಡುವುದು ಮೇಲು. ಗಟ್ಟಿ ಚೀಸಿನ ಸಿಪ್ಪೆಯನ್ನು ಉಜ್ಜಿ ತೊಳೆದು ತರಕಾರಿ ಸೂಪಿಗೆ ಹಾಕಿ ಕುದಿಸಿದರೆ ಒಳ್ಳೆಯ ರುಚಿ ಬಿಡುತ್ತದೆ. ಬಡಿಸುವ ಮುಂಚೆ ತೆಗೆದುಬಿಡಬೇಕು. ಬೇರೆ ಬೇರೆ ತುಣುಕುಗಳನ್ನೆಲ್ಲ ಬೆಳ್ಳುಳ್ಳಿ, ಸ್ವಲ್ಪ ಬಿಳಿ ವೈನ್ ಸೇರಿಸಿ ರುಬ್ಬಿದರೆ ಫ್ರಾನ್ಸಿನಲ್ಲಿ ಫ್ರೊಮಾಜ್ ಫೋರ್ ಎಂದು ಕರೆಯುವ ಮುದ್ದೆಯಾಗುತ್ತದೆ. ಬ್ರೆಡ್ಡಿನ ಮೇಲೆ ಸವರಿ, ಅದು ಕೆಂಪಗಾಗುವವರೆಗೆ ಸುಟ್ಟು ಮರುದಿನ ತಿನ್ನಬಹುದು.